ಗುರುಬಸಮ್ಮನ ಮೊದಲ ಬುಟ್ಟಿ

ಗ್ರಾಮಸೇವಕನಾಗಿ ಕೊಳ್ಳೇಗಾಲದ ಕಡೆಗೆ ಬಂದಾಗ ಪುಟ್ಟಬಸಪ್ಪನಿಗೆ ಇಪ್ಪತ್ತಾರು ವರ್ಷ. ಊರು ಯಳಂದೂರು. ಉದ್ದಕ್ಕೆ, ತೆಳ್ಳಗೆ, ಮಾತು ಶುರುಮಾಡುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಸಂಕೋಚದ ಮನುಷ್ಯ. ಅವನ ಪಾಲಿಗೆ ಬಿದ್ದದ್ದು ಮಧುವನಹಳ್ಳಿಯ ಆಸುಪಾಸಿನ ಎಂಟು ಊರುಗಳು, ಒಂದು ಹಳೇ ಸೈಕಲ್ಲು, ಮತ್ತೆ ಎಷ್ಟು ತುಂಬಿದರೂ ಮುಗಿಯದ ನಮೂನೆಗಳು. ಆ ಕಾಲದಲ್ಲಿ ಗ್ರಾಮಸೇವಕನೆಂದರೆ ಗೊಬ್ಬರದ ಗುಂಡಿ ತೋಡಿಸುವವನೂ ಅವನೇ, ಕೋಳಿಗೆ ಸೂಜಿಮದ್ದು ಹಾಕಿಸುವವನೂ ಅವನೇ, ರಾತ್ರಿಶಾಲೆಗೆ ಸೀಮೆಎಣ್ಣೆ ಹೊಂದಿಸುವವನೂ ಅವನೇ. ಮೇಲಿನವರಿಂದ ಬೈಸಿಕೊಳ್ಳುವುದಕ್ಕೂ ಕೆಳಗಿನವರಿಂದ ಬೈಸಿಕೊಳ್ಳುವುದಕ್ಕೂ ಅವನೊಬ್ಬನೇ ಇದ್ದ.

ಅರವತ್ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಆಫೀಸಿಗೆ ಒಂದು ಹೊಸ ನಮೂನೆ ಬಂತು. ತರಕಾರಿ ಬೆಳೆಯುವವರಿಗೆ ಯಾವ ಕೀಟ ಕಾಡುತ್ತದೆ, ಯಾವ ರೋಗ ಬರುತ್ತದೆ, ಅದನ್ನು ಹತೋಟಿಗೆ ತರಲು ಅವರಿಗೆ ಏನು ಬೇಕು, ಇದನ್ನೆಲ್ಲ ಬೆಳೆಗಾರರನ್ನೇ ಕೇಳಿ ಬರೆದು ಕಳಿಸಬೇಕು. ಒಟ್ಟು ಹದಿನಾಲ್ಕು ಪ್ರಶ್ನೆ. ಬೆಳೆಯುವವನನ್ನು ಕೇಳಬೇಕು ಅಂತ ಯಾರಿಗೋ ಹೊಳೆಯಿತಲ್ಲ, ಅದೇ ದೊಡ್ಡದು. ಅಲ್ಲಿಯವರೆಗೆ ಸರ್ಕಾರ ಹೇಳುತ್ತಿತ್ತು, ಊರಿನವರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಪುಟ್ಟಬಸಪ್ಪ ನಮೂನೆಗಳನ್ನು ಚೀಲಕ್ಕೆ ತುಂಬಿಕೊಂಡು ಊರೂರು ಸುತ್ತಿದ. ಜಗಲಿ ಮೇಲೆ ಕೂತ ಗಂಡಸರು ಮರ್ಯಾದೆಯಿಂದ ಮಜ್ಜಿಗೆ ಕೊಡಿಸಿದರು. ಬದನೆಗೆ ಏನು ಕಾಟ ಎಂದರೆ ಉಳ ಅಂದರು. ಮೆಣಸಿನಕಾಯಿಗೆ? ಉಳ. ಅವರೆಗೆ? ಅದಕ್ಕೂ ಉಳವೇ. ಎಲೆ ಮುಟುರಿಕೊಂಡು ಗಿಡವೇ ಕುಗ್ಗಿದ್ದರೂ ಉಳ, ಬುಡ ಕೊಳೆತು ಬಾಡಿದ್ದರೂ ಉಳ. ಏನು ಬೇಕು ಎಂದು ಕೇಳಿದರೆ ಔಷಧಿ ಬೇಕು ಅನ್ನುತ್ತಿದ್ದರು. ಮೂರು ಊರು ಮುಗಿಸುವ ಹೊತ್ತಿಗೆ ಇಪ್ಪತ್ತು ಹಾಳೆಯ ಮೇಲೂ ಒಂದೇ ಉತ್ತರ ಬಿದ್ದಿತ್ತು. ಇದನ್ನು ಕಳಿಸಿದರೆ ಒಂದೇ ಕಡೆ ಕೂತು ಎಲ್ಲವನ್ನೂ ತಾನೇ ಗೀಚಿದ್ದಾನೆ ಅನ್ನುತ್ತಾರೆ ಎಂದು ಅವನಿಗೆ ಚಿಂತೆಯಾಯಿತು.

ನಾಲ್ಕನೆಯ ಊರು ಅರೆಹುಂಡಿ. ಮೂವತ್ತು ಮನೆ, ಒಂದು ಕೆರೆ, ಒಂದು ಪುಟ್ಟ ಮಠ. ಅಲ್ಲಿ ದೊಡ್ಡಮಾದಪ್ಪ ಎಂಬ ಹಿರಿಯರ ಹೆಸರಿನಲ್ಲಿ ಬಾವಿಯ ಕೆಳಗೆ ಅರ್ಧ ಎಕರೆ ತರಕಾರಿ ಇತ್ತು. ಅವರೂ ಎಲೆಅಡಿಕೆ ಮೆಲ್ಲುತ್ತ ಉಳ ಅಂದರು. ಪುಟ್ಟಬಸಪ್ಪ ಬರೆದುಕೊಳ್ಳುತ್ತಿದ್ದಾಗ ಬಾಗಿಲ ಹಿಂದಿನಿಂದ ಒಂದು ಹೆಣ್ಣುದನಿ ಬಂತು.

"ಯಾವ ಉಳ ಅಂತ ಕೇಳಿ ಸಾ."

ದೊಡ್ಡಮಾದಪ್ಪನವರು ಬದನೆ ಪಾತಿಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ, ಪಾಪ. ನಗುತ್ತ, ನಮ್ಮ ತಮ್ಮನ ಹೆಂಡತಿ ಗುರುಬಸಮ್ಮ, ತಮ್ಮ ತೀರಿಕೊಂಡ ಮೇಲೆ ಅವಳೇ ತೋಟ ನೋಡಿಕೊಳ್ಳುವುದು, ಅವಳನ್ನೇ ಕೇಳಿ ಎಂದು ಕೈ ತೋರಿದರು.

ಗುರುಬಸಮ್ಮನಿಗೆ ಆಗ ನಲವತ್ತೈದರ ಮೇಲಿರಬೇಕು. ಸೊಂಟಕ್ಕೆ ಸೆರಗು ಸಿಕ್ಕಿಸಿ ಪಾತಿಯ ನಡುವೆ ನಡೆಯುತ್ತ ಆಕೆ ತೋರಿಸಿದ್ದನ್ನು ಪುಟ್ಟಬಸಪ್ಪ ತರಬೇತಿ ಶಾಲೆಯಲ್ಲೂ ನೋಡಿರಲಿಲ್ಲ. ಬಾಗಿದ ಕುಡಿಯೊಂದನ್ನು ಚಿವುಟಿ ಸೀಳಿ ಒಳಗಿನ ನಸುಗೆಂಪು ಹುಳವನ್ನು ಉಗುರಿನ ಮೇಲೆ ಇಟ್ಟು ತೋರಿಸಿದಳು. ಇದು ಮೊದಲು ಕುಡಿ ತಿನ್ನುತ್ತದೆ, ಕಾಯಿ ಕಚ್ಚಿದ ಮೇಲೆ ಕಾಯಿಗೆ ಇಳಿಯುತ್ತದೆ, ಕುಡಿ ಬಾಡಿದ ದಿನವೇ ಮುರಿದು ಸುಟ್ಟರೆ ಅರ್ಧ ಕಾಟ ಕಡಿಮೆ ಅಂದಳು. ಎಲೆಯ ಅಡಿಯ ಹೇನಿಗೆ ಬೂದಿ ಸಾಕು. ಎಲೆಯೆಲ್ಲ ಚಿಕ್ಕದಾಗಿ ಗುಪ್ಪೆಯಾಗುವ ಗಿಡಕ್ಕೆ ಮದ್ದಿಲ್ಲ, ಕಿತ್ತು ಹೂಳಬೇಕು. ಕಾಯಿ ಕೊರೆಯುವುದೊಂದಕ್ಕೆ ಮಾತ್ರ ತನಗೆ ದಾರಿ ಕಾಣುತ್ತಿಲ್ಲ ಎಂದು ಆಕೆ ಹೇಳಿದಳು. ನಮೂನೆಯಲ್ಲಿ ಜಾಗ ಸಾಲದೆ ಅವನು ಹಾಳೆಯ ಹಿಂಬದಿಯಲ್ಲೂ ಬರೆದುಕೊಂಡ. ಅವತ್ತಿನಿಂದ ಯಾವ ಊರಿಗೆ ಹೋದರೂ ಜಗಲಿಯ ಮಜ್ಜಿಗೆ ಮುಗಿಸಿ ಹಿತ್ತಿಲಿಗೆ ನಡೆಯುವುದನ್ನು ರೂಢಿ ಮಾಡಿಕೊಂಡ.

ಅವನ ವರದಿ ಮೇಲೆ ಹೋಯಿತು, ಮೆಚ್ಚುಗೆಯೂ ಬಂತು. ಮೆಚ್ಚುಗೆಯ ಹಿಂದೆಯೇ ಕಾಯಿಕೊರಕನಿಗೆಂದು ಒಂದು ಪೆಟ್ಟಿಗೆ ತುಂಬ ಔಷಧಿ ಡಬ್ಬಗಳೂ ಕೈಪಂಪುಗಳೂ ಬಂದವು. ನೋಡಲು ಕಂದು ಎಣ್ಣೆ. ನೀರಿಗೆ ಹಾಕಿದ ಕೂಡಲೆ ಬೆಳ್ಳಗಾಗುತ್ತಿತ್ತು. ಹೆಂಗಸರು ಅದಕ್ಕೆ ಹಾಲೌಸ್ದಿ ಎಂದು ಹೆಸರಿಟ್ಟರು. ಹನ್ನೊಂದು ಜನ ಬೆಳೆಗಾರರನ್ನು ಆರಿಸಿ ಹಂಚು ಎಂದು ಅಪ್ಪಣೆಯಾಗಿತ್ತು. ಹನ್ನೊಂದು ಹೆಸರನ್ನೂ ಪುಟ್ಟಬಸಪ್ಪನೇ ಬರೆದ, ಮೊದಲ ಹೆಸರು ಗುರುಬಸಮ್ಮನದು.

ಅವನು ಕಲಿಸುವುದರಲ್ಲಿ ಸೋಮಾರಿಯಲ್ಲ. ಒಂದು ಪಂಪಿಗೆ ಒಂದು ಮುಚ್ಚಳ ಮಾತ್ರ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಕೈಕಾಲು ಸೋಪಿನಿಂದ ತೊಳೆಯಿರಿ. ಆಡು ಮೇಯಲು ಬಿಡಬೇಡಿ. ಡಬ್ಬ ಅಡುಗೆಮನೆಗೆ ತರಬೇಡಿ. ಕೊನೆಗೆ, ಹೊಡೆದ ಮೇಲೆ ಎಂಟು ದಿನ ಕಾಯಿ ಮಾರಬೇಡಿ. ಪೇಟೆಯಲ್ಲಿ ಯಾರಾದರೂ ತಿಂದು ಕಾಯಿಲೆಬಿದ್ದರೆ ಹೊಸ ಔಷಧಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಆಫೀಸಿನಲ್ಲಿ ಅವನಿಗೆ ಹಾಗೆಯೇ ಹೇಳಿಕೊಟ್ಟಿದ್ದರು. ಅವನೂ ಹಾಗೆಯೇ ಒಪ್ಪಿಸಿದ. ಹನ್ನೊಂದು ಮನೆಯಲ್ಲಿ ಹತ್ತು ಮನೆಯವರು ತಲೆಯಾಡಿಸಿದರು. ಗುರುಬಸಮ್ಮ ಮಾತ್ರ ಕೇಳಿದಳು.

"ಎಂಟು ದಿನ ಸಂತೆಗೆ ತಕಂಡೋಗಬಾರ್ದು, ಅಷ್ಟೇ ತಾನೆ ಸಾ?"

"ಅಷ್ಟೇ ಅಕ್ಕ," ಎಂದ ಪುಟ್ಟಬಸಪ್ಪ. ಸೈಕಲ್ಲು ಹತ್ತಿ ಮುಂದಿನ ಊರಿಗೆ ಹೋದ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಊರುಗಳ ಶಿವಭಕ್ತರ ಮನೆಗಳಲ್ಲಿ ಯಾವ ತರಕಾರಿಯೇ ಆಗಲಿ, ಗಿಡದ ಮೊದಲ ಕೊಯ್ಲನ್ನು ಮಾರುತ್ತಿರಲಿಲ್ಲ. ಮೊದಲ ಬುಟ್ಟಿ ಮಠದ ಅಯ್ಯನವರಿಗೆ. ಕಾರ್ತಿಕ ಮಾಸವಾದರೆ ಸೋಮವಾರ ನೋಡಿ ಕೊಡುವುದು. ಅದರಲ್ಲೂ ಆರಿಸಿ ಆರಿಸಿ ಚೆಂದದ ಕಾಯಿಯನ್ನೇ ಕೊಡಬೇಕು. ಇದು ಪುಟ್ಟಬಸಪ್ಪನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಯಳಂದೂರಿನಲ್ಲಿ ಅವನ ತಾಯಿ ಶಂಕರಮ್ಮ ಹಿತ್ತಿಲ ಹೀರೆಕಾಯಿಯ ಮೊದಲ ಬುಟ್ಟಿಯನ್ನು ಮಡಿಬಟ್ಟೆ ಮುಚ್ಚಿ ಮಠಕ್ಕೆ ಕಳಿಸುತ್ತಿದ್ದಳು, ಹೊತ್ತುಕೊಂಡು ಹೋಗುತ್ತಿದ್ದವನು ಅವನೇ. ಆದರೆ ನಮೂನೆ ಹಿಡಿದು ಬಂದವನಿಗೆ ಅದು ನೆನಪಾಗಲಿಲ್ಲ. ಹದಿನಾಲ್ಕು ಪ್ರಶ್ನೆಗಳಲ್ಲಿ ಮೊದಲ ಕೊಯ್ಲನ್ನು ಏನು ಮಾಡುತ್ತೀರಿ ಎಂಬುದೊಂದು ಇರಲಿಲ್ಲ. ಇವನಾದರೂ ಕೇಳಬೇಕಿತ್ತು. ಇವನೂ ಕೇಳಲಿಲ್ಲ.

ಆ ಕಾರ್ತಿಕದ ಮೂರನೆಯ ಸೋಮವಾರಕ್ಕೆ ಗುರುಬಸಮ್ಮನ ಬದನೆ ಕೊಯ್ಲಿಗೆ ಬಂತು. ಕಾಯಿಯೆಂದರೆ ಕಾಯಿ. ಒಂದರಲ್ಲೂ ತೂತಿಲ್ಲ. ನಾಲ್ಕು ವರ್ಷದಿಂದ ಹುಳ ಕೊರೆದ ಕಾಯಿಯನ್ನೇ ಹೆರೆದು ಹೆರೆದು ಬೇಯಿಸಿದವಳಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂತಂತೆ. ಅಯ್ಯನವರ ಎಲೆಗೆ ಬೀಳುವ ಕಾಯಿ, ಅಪ್ಪಿತಪ್ಪಿಯೂ ಒಂದು ಹುಳ ಇರಬಾರದು ಎಂದು ಆಕೆ ಭಾನುವಾರ ಸಂಜೆ ಮತ್ತೊಮ್ಮೆ ಪಂಪು ಹಿಡಿದಳು. ಒಂದು ಮುಚ್ಚಳ ಹಾಕುವ ಕಡೆ ಎರಡು ಹಾಕಿದಳು. ಭಕ್ತಿಯಿಂದಲೇ ಹಾಕಿದಳು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಬುಟ್ಟಿ ತುಂಬಿ, ತಾನೇ ಹೊತ್ತು ಮಠದ ಬಾಗಿಲಲ್ಲಿ ಇಳಿಸಿ ಬಂದಳು.

ಅಯ್ಯನವರಿಗೆ ಎಪ್ಪತ್ತು ದಾಟಿತ್ತು. ಒಬ್ಬರೇ ಇದ್ದರು, ಕೈಯಡುಗೆ. ಎಣ್ಣೆಗಾಯಿ ಎಂದರೆ ಪ್ರಾಣ. ಅವತ್ತು ಇಡೀ ಇಡೀ ಕಾಯಿಯನ್ನೇ ಹಾಕಿ ಮಾಡಿಕೊಂಡು ಹೊಟ್ಟೆ ತುಂಬ ಉಂಡರು. ಮಠದ ಅಂಗಳ ಗುಡಿಸುವ ರಂಗಮ್ಮನಿಗೂ ಒಂದು ಸೌಟು ಕೊಟ್ಟರು. ಇಳಿಹೊತ್ತಿಗೆ ಇಬ್ಬರಿಗೂ ವಾಂತಿ ಹಿಡಿಯಿತು. ರಂಗಮ್ಮ ಎರಡು ದಿನ ನರಳಿ ಎದ್ದಳು. ಅಯ್ಯನವರು ಕೈಕಾಲು ಸೆಟೆದುಕೊಂಡು ಬಿದ್ದವರು ಮಂಗಳವಾರ ಹೊತ್ತು ಮೂಡುವಷ್ಟರಲ್ಲಿ ಲಿಂಗೈಕ್ಯರಾದರು. ವಯಸ್ಸಾಗಿತ್ತು, ಕಾರ್ತಿಕದಲ್ಲಿ ಶಿವ ಕರೆದುಕೊಂಡ, ಪುಣ್ಯವಂತರು ಎಂದು ಊರು ಮಾತಾಡಿಕೊಂಡಿತು. ಅವತ್ತೇ ಸಮಾಧಿ ಮಾಡಿದರು.

ಪುಟ್ಟಬಸಪ್ಪ ಅರೆಹುಂಡಿಗೆ ಬಂದದ್ದು ಗುರುವಾರ. ವಿಷಯ ಕೇಳಿ ಮಠದ ಮುಂದೆ ಸೈಕಲ್ಲು ನಿಲ್ಲಿಸಿ ಒಳಗೆ ಹೋದ. ಇನ್ನೂ ನಿತ್ರಾಣದಲ್ಲಿದ್ದ ರಂಗಮ್ಮ ಗೋಡೆಗೆ ಒರಗಿ ಕೂತು, ಅಯ್ಯನವರು ಕೊನೆಯ ಊಟವನ್ನು ಎಷ್ಟು ಸಂತೋಷವಾಗಿ ಉಂಡರು ಎಂದು ಹೇಳಿದಳು. ಗುರುಬಸಮ್ಮನ ಬದನೆಕಾಯಿ, ಒಂದು ಹುಳುಕಿಲ್ಲ, ಅಂಥ ಕಾಯಿ ನಾನು ಕಂಡೇ ಇಲ್ಲ ಅಂದಳು. ಕೈಕಾಲು ಸೆಟೆದದ್ದನ್ನೂ ಹೇಳಿದಳು. ಪೆಟ್ಟಿಗೆಯ ಜೊತೆ ಬಂದಿದ್ದ ಕಾಗದದಲ್ಲಿ, ಮೈಗೆ ವಿಷ ಹತ್ತಿದರೆ ಹೀಗೆ ಹೀಗೆ ಆಗುತ್ತದೆ ಎಂದು ಬರೆದ ಸಾಲುಗಳನ್ನು ಅವನು ಎರಡು ಸಲ ಓದಿದ್ದ. ಕೈಕಾಲು ಸೆಟೆಯುವುದೂ ಅದರಲ್ಲಿತ್ತು. ತಾಯಿ ಕಳಿಸುತ್ತಿದ್ದ ಬುಟ್ಟಿ ಅವನಿಗೆ ನೆನಪಾದದ್ದು ಆಗಲೇ.

ಅಳುವುದಕ್ಕೂ ಪುರುಸೊತ್ತು ಇರಲಿಲ್ಲ. ಇನ್ನು ನಾಲ್ಕೇ ದಿನಕ್ಕೆ ಕಾರ್ತಿಕದ ಕೊನೆಯ ಸೋಮವಾರ. ಉಳಿದ ಹತ್ತು ಮನೆಗಳ ಔಷಧಿ ಹೊಡೆದ ಬದನೆಯೂ ಅದೇ ವಾರ ಕೊಯ್ಲಿಗೆ ಬರುತ್ತಿತ್ತು. ಹತ್ತು ಬುಟ್ಟಿ ಏಳು ಊರುಗಳ ಮಠ, ಗುಡಿಗಳಿಗೆ ಹೊರಡುತ್ತವೆ. ಗುಡಿಯಾದರೆ ಅಡುಗೆ ಮಾಡಿ ಇಡೀ ಕೇರಿಗೇ ಬಡಿಸುತ್ತಾರೆ.

ಅವತ್ತೇ ಆಫೀಸಿಗೆ ಸೈಕಲ್ಲು ತುಳಿದು ನಡೆದದ್ದನ್ನು ಹೇಳಿದ. ಮೇಲಿನವರೊಬ್ಬರು ಬಾಗಿಲು ಮುಂದೆ ಮಾಡಿ ಸಮಾಧಾನವಾಗಿಯೇ ಮಾತಾಡಿದರು. ಮುದುಕರು ಸಾಯುತ್ತಾರೆ, ಊರಿನವರಿಗೇ ಅನುಮಾನವಿಲ್ಲ, ನೀನೇಕೆ ಎಬ್ಬಿಸುತ್ತೀಯ? ಒಂದು ಸಲ ಹೆದರಿದರೆ ಈ ಜನ ಹತ್ತು ವರ್ಷ ಔಷಧಿ ಮುಟ್ಟುವುದಿಲ್ಲ. ನಿನ್ನ ನೌಕರಿಯೂ ಇನ್ನೂ ಕಾಯಂ ಆಗಿಲ್ಲ. ಬೇಕಾದರೆ ಮೊದಲ ಕೊಯ್ಲು ಕೊಡಬೇಡಿ ಎಂದು ಮೆಲ್ಲಗೆ ಹೇಳಿ ಬಾ ಅಂದರು.

ಶುಕ್ರವಾರ ಅವನು ಮೆಲ್ಲಗೆ ಹೇಳಿಯೂ ನೋಡಿದ. ಪಕ್ಕದೂರಿನ ಚಿಕ್ಕಮಾದಪ್ಪ ಎಂಬ ಬೆಳೆಗಾರ ಒಳ್ಳೆಯವನೇ, ಆದರೆ ಆ ಮಾತಿಗೆ ಅವನ ಮುಖ ಬಿಗಿಯಿತು.

"ಮಾರಬ್ಯಾಡಿ ಅಂದ್ರಿ, ಒಪ್ಕಂಡ್ವಿ. ಅಯ್ನೋರ್ಗೆ ಕೊಡಬ್ಯಾಡಿ ಅನ್ನಕೆ ನೀವ್ಯಾರು ಸಾ?"

ಕಾರಣ ಹೇಳದೆ ಈ ಮಾತು ಯಾರ ಕಿವಿಗೂ ಇಳಿಯುವುದಿಲ್ಲ ಎಂದು ಪುಟ್ಟಬಸಪ್ಪನಿಗೆ ಗೊತ್ತಾಯಿತು. ಕಾರಣ ಹೇಳಬೇಕೆಂದರೆ ಗುರುಬಸಮ್ಮನ ಹೆಸರು ಬರಲೇಬೇಕು. ನೌಕರಿಯ ಚಿಂತೆ ಅವನಿಗೆ ಇರಲಿಲ್ಲವೆಂದರೆ ಸುಳ್ಳಾದೀತು, ಇತ್ತು. ಆದರೆ ಅವನ ಎದೆಯನ್ನು ಹಿಂಡುತ್ತಿದ್ದದ್ದು ಅದಲ್ಲ. ಜಂಗಮರಿಗೆ ವಿಷ ಉಣ್ಣಿಸಿದವಳು ಎಂದು ಆಕೆಯ ಹೆಸರು ಹೇಳಿಕೊಂಡು ಊರೂರು ತಿರುಗುವುದು ಹೇಗೆ? ಅದಕ್ಕಿಂತ ಮುಂಚೆ, ಆಕೆಗೇ ಇನ್ನೂ ಗೊತ್ತಿಲ್ಲದ್ದನ್ನು ಆಕೆಗೆ ಹೇಳುವುದು ಹೇಗೆ?

ಶನಿವಾರ ಬೆಳಿಗ್ಗೆ ಅವನು ಅರೆಹುಂಡಿಯ ಬಾವಿಯ ಹತ್ತಿರ ಹೋದ. ಗುರುಬಸಮ್ಮ ಬದನೆಗೆ ನೀರು ಕಟ್ಟುತ್ತಿದ್ದಳು. ಅಯ್ಯನವರ ವಿಷಯ ಆಕೆಯೇ ತೆಗೆದಳು. ಕೊನೆಗಾಲದಲ್ಲಿ ನನ್ನ ಕೈಯ ಕಾಯಿ ಉಂಡರು, ಅಷ್ಟಾದರೂ ಪುಣ್ಯ ಪಡಕೊಂಡೆ ಅಂದಳು. ಪುಟ್ಟಬಸಪ್ಪ ಗಂಟಲು ಸರಿಮಾಡಿಕೊಂಡ. ಇನ್ನೊಮ್ಮೆ ಸರಿಮಾಡಿಕೊಂಡು, ಬದುವಿನ ಮೇಲೆ ಕೂತು, ತಲೆ ಬಗ್ಗಿಸಿ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಪಾತಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಆಕೆ ಅದನ್ನು ತಿರುಗಿಸಲಿಲ್ಲ.

ಅವನ ಕಡೆ ತಿರುಗಿ ಅಂದಳು. "ನಾ ಕೇಳ್ದೆ ನಿಮ್ಮ. ಅಷ್ಟೇ ತಾನೆ ಅಂತ ಕೇಳ್ದೆ."

"ಕೇಳಿದ್ರಿ ಅಕ್ಕ. ನಾನು ಅಷ್ಟೇ ಅಂದೆ. ತಪ್ಪು ನನ್ನದು."

"ಎಲ್ಡು ಮುಚ್ಚಳ ಆಕ್ದೋಳು ನಾನು ಸಾ," ಎಂದಳು ಗುರುಬಸಮ್ಮ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ಅವನು ಎದ್ದು ನೀರು ತಿರುಗಿಸಿ ಬಂದು ಮತ್ತೆ ಕೂತ. ನಿಮ್ಮ ಹೆಸರು ಹೇಳದೆ, ಎಲ್ಲೋ ದೂರದ ಊರಿನಲ್ಲಿ ಹೀಗಾಯಿತಂತೆ ಎಂದು ಹೇಳಿ ನೋಡುತ್ತೇನೆ ಅಂದ. ಆಕೆ ತಲೆಯಲ್ಲಾಡಿಸಿದಳು. ಎಲ್ಲೋ ಯಾರಿಗೋ ಆದದ್ದಕ್ಕೆ ಯಾರೂ ಬುಟ್ಟಿ ನಿಲ್ಲಿಸುವುದಿಲ್ಲ ಎಂದು ಅವನಿಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

"ನೀವು ಏಳುದ್ರೆ ಸರ್ಕಾರ ಏಳ್ದಂಗೆ. ನಾ ಏಳುದ್ರೆ ಮನೇವ್ರು ಏಳ್ದಂಗೆ. ನಡೀರಿ, ನಾನೂ ಬತ್ತೀನಿ."

ಶನಿವಾರ ಮತ್ತು ಭಾನುವಾರ ಅವರಿಬ್ಬರೂ ಏಳು ಊರು ನಡೆದರು. ಪುಟ್ಟಬಸಪ್ಪ ಸೈಕಲ್ಲು ತಳ್ಳಿಕೊಂಡು, ಗುರುಬಸಮ್ಮ ನಾಲ್ಕು ಹೆಜ್ಜೆ ಹಿಂದೆ. ಹತ್ತು ಮನೆಯ ಹಿತ್ತಿಲಿನಲ್ಲೂ ಆಕೆ ಒಂದೇ ಮಾತನ್ನು ಹೇಳಿದಳು. ಹಾಲೌಸ್ದಿ ಹೊಡೆದ ಕಾಯಿಯನ್ನು ನಾನು ಅಯ್ಯನವರಿಗೆ ಕೊಟ್ಟೆ, ಅವರು ಉಂಡರು, ಸತ್ತರು, ನೀವು ಕೊಡಬೇಡಿ. ಹೆಚ್ಚು ಹೇಳಲಿಲ್ಲ, ಅಳಲಿಲ್ಲ. ಪ್ರತಿ ಮನೆಯಲ್ಲೂ ಪುಟ್ಟಬಸಪ್ಪ ತಪ್ಪು ಅವರದಲ್ಲ, ನನ್ನದು ಎಂದು ಸೇರಿಸುತ್ತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ಗುರುಬಸಮ್ಮ ಕುಡಿದಿಟ್ಟ ಚೊಂಬನ್ನು ಒಬ್ಬ ಮುದುಕಿ ಕೈಯಲ್ಲಿ ಮುಟ್ಟದೆ ಕೋಲಿನಿಂದ ಹೊರಗೆ ತಳ್ಳಿದ್ದನ್ನು ಪುಟ್ಟಬಸಪ್ಪ ಕಂಡ. ಗುರುಬಸಮ್ಮನೂ ಕಂಡಿರಬೇಕು, ಮುಂದಿನ ಮನೆಗಳಲ್ಲಿ ನೀರು ಕೇಳಲಿಲ್ಲ.

ಸೋಮವಾರ ಒಂದು ಬುಟ್ಟಿಯೂ ಹೊರಡಲಿಲ್ಲ. ಹತ್ತು ಮನೆಯವರೂ ಕಾಯಿಯನ್ನು ಕಿತ್ತು ಗುಂಡಿಗೆ ಸುರಿದರು. ಆ ಏಳು ಊರುಗಳಲ್ಲಿ ಯಾರೂ ಸಾಯಲಿಲ್ಲ. ಸಾಯದೆ ಇದ್ದದ್ದಕ್ಕೆ ಯಾರಿಗಾದರೂ ಧನ್ಯವಾದ ಹೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಜನ ಇರುವುದೇ ಹಾಗೆ, ಬಂದ ಸಾವು ಕಾಣುತ್ತದೆ, ಬಾರದ್ದು ಕಾಣುವುದಿಲ್ಲ.

ಅರೆಹುಂಡಿಯವರು ಗುರುಬಸಮ್ಮನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಪಂಚಾಯಿತಿಗೂ ಎಳೆಯಲಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸುಮ್ಮನೆ ಆಕೆಯ ಕೈಯಿಂದ ಏನನ್ನೂ ತೆಗೆದುಕೊಳ್ಳುವುದನ್ನು ಬಿಟ್ಟರು. ಮಠಕ್ಕೆ ಬಂದ ಹೊಸ ಅಯ್ಯನವರು ಆಕೆ ತಂದ ಅಕ್ಕಿಯನ್ನು ಹೊಸಿಲಲ್ಲೇ ತಡೆದರು. ಕೊಳ್ಳೇಗಾಲದ ಸಂತೆಗೂ ಸುದ್ದಿ ಮುಟ್ಟಿತು, ಆಕೆಯ ರಾಶಿಯ ಮುಂದೆ ಬಗ್ಗಿದವರು ಯಾರೋ ಕಿವಿಯಲ್ಲಿ ಉಸುರಿದ ಕೂಡಲೆ ಮುಂದಕ್ಕೆ ಹೋಗುತ್ತಿದ್ದರು. ದೊಡ್ಡಮಾದಪ್ಪನವರ ಮನೆಯಲ್ಲೂ ಆಕೆ ಮಾಡಿದ ಪಲ್ಯ ಹಾಗೇ ಉಳಿಯತೊಡಗಿತು. ಇಷ್ಟನ್ನೂ ಪುಟ್ಟಬಸಪ್ಪ ಬೇರೆಯವರ ಬಾಯಲ್ಲಿ ಕೇಳಿದ. ಅಷ್ಟರಲ್ಲಿ ಮೇಲಿನವರು ಹೇಳಿದ ಮಾತು ಮೀರಿದ್ದಕ್ಕೆ ಅವನನ್ನು ಕೌದಳ್ಳಿಯ ಕಡೆಗೆ ಎತ್ತಿ ಹಾಕಿದ್ದರು. ಕಾಯಂ ಆಗುವುದು ಮೂರು ವರ್ಷ ತಡವಾಯಿತು. ಅದನ್ನು ಅವನು ಶಿಕ್ಷೆ ಅಂದುಕೊಳ್ಳಲಿಲ್ಲ. ಸಾಲದು ಅಂದುಕೊಳ್ಳುತ್ತಿದ್ದ.

ಕೌದಳ್ಳಿಯಲ್ಲೂ ಹನೂರಿನಲ್ಲೂ ಅವನು ಬೆಳೆಗಾರರನ್ನು ಕೇಳುತ್ತಲೇ ಹೋದ. ಹಿತ್ತಿಲಿಗೆ ಹೋಗಿ, ಹೆಂಗಸರ ಮುಂದೆ ನೆಲದ ಮೇಲೆ ಕೂತು, ಮೊದಲ ಕೊಯ್ಲು ಯಾರಿಗೆ, ಎರಡನೆಯದು ಯಾರಿಗೆ, ಉದುರಿದ ಕಾಯಿಯನ್ನು ಯಾರು ತಿನ್ನುತ್ತಾರೆ, ಬಸುರಿಗೆ ಯಾವ ಸೊಪ್ಪು ಕೊಡುತ್ತೀರಿ, ಎಲ್ಲ ಕೇಳುತ್ತಿದ್ದ. ಬೆಟ್ಟದ ತಪ್ಪಲಿನ ಸೋಲಿಗರ ಹಾಡಿಯಲ್ಲಿ ಕೇತಯ್ಯನೆಂಬುವನು, ಇಷ್ಟೊಂದು ಕೇಳೋ ಸರ್ಕಾರವನ್ನು ನಾನು ನೋಡಿಲ್ಲ ಎಂದು ನಕ್ಕಿದ್ದನಂತೆ. ಮೊದಲ ಕೊಯ್ಲು ಯಾರಿಗೆ ಎಂಬುದನ್ನು ಪುಟ್ಟಬಸಪ್ಪ ನಮೂನೆಯ ಕೊನೆಯಲ್ಲಿ ಹದಿನೈದನೆಯ ಪ್ರಶ್ನೆಯೆಂದು ತನ್ನ ಕೈಯಲ್ಲೇ ಬರೆದು ಕಳಿಸುತ್ತಿದ್ದ. ನಮೂನೆಯಲ್ಲಿ ಇಲ್ಲದ್ದು ಎಂದು ಪ್ರತಿ ಸಲವೂ ಅದರ ಮೇಲೆ ಗೆರೆ ಎಳೆದು ಯಾರೋ ವಾಪಸು ಕಳಿಸುತ್ತಿದ್ದರು.

ಎಪ್ಪತ್ತೆರಡರಲ್ಲಿ ಅವನಿಗೆ ಮತ್ತೆ ಮಧುವನಹಳ್ಳಿಯ ಕಡೆಗೇ ವರ್ಗವಾಯಿತು. ತರಕಾರಿ ಬೆಳೆಗಾರರನ್ನು ಕೇಳುವ ಹೊಸ ನಮೂನೆಯೂ ಬಂತು. ಅರೆಹುಂಡಿಗೆ ಹೋಗುವುದನ್ನು ಎರಡು ತಿಂಗಳು ಮುಂದೂಡಿ, ಕೊನೆಗೆ ಒಂದು ಬೆಳಿಗ್ಗೆ ಹೋದ. ಬಾವಿಯ ಕೆಳಗಿನ ಅರ್ಧ ಎಕರೆಯಲ್ಲಿ ಒಂದು ಬದನೆ ಗಿಡವೂ ಇರಲಿಲ್ಲ. ಪಾತಿ ತುಂಬ ಸೇವಂತಿಗೆ. ತಲೆ ನರೆತಿದ್ದ ಗುರುಬಸಮ್ಮ ಬುಟ್ಟಿ ಇಳಿಸಿ, ಬನ್ನಿ ಸಾ ಎಂದು ಎಂದಿನಂತೆಯೇ ಮಾತಾಡಿಸಿದಳು. ಯಾರ ಬಾಯಿಗೂ ಹೋಗದ್ದನ್ನು ಬೆಳೆಯುತ್ತಿದ್ದೇನೆ, ಇದನ್ನಾದರೆ ಪೇಟೆಯ ಹೂವಿನವರು ತಕರಾರಿಲ್ಲದೆ ಒಯ್ಯುತ್ತಾರೆ ಅಂದಳು.

ಪುಟ್ಟಬಸಪ್ಪನ ಚೀಲದಲ್ಲಿದ್ದ ನಮೂನೆ ತರಕಾರಿಗೆ ಮಾತ್ರ. ಆದರೂ ಸುಮ್ಮನಿರಲಾಗದೆ ಒಂದು ಗಿಡದ ಮುಂದೆ ಬಗ್ಗಿದ. ಎಲೆಯೆಲ್ಲ ತೂತು, ಮೊಗ್ಗುಗಳನ್ನು ಅರ್ಧಕ್ಕೆ ತಿಂದಿತ್ತು. ಹಸಿರು ಹುಳವೊಂದು ಕಾಂಡದ ಮೇಲೆ ನಿಧಾನವಾಗಿ ಏರುತ್ತಿತ್ತು. ಇದಕ್ಕೆ ಈಗ ಅಪಾಯ ಕಡಿಮೆಯ ಪುಡಿ ಬಂದಿದೆ ಅಕ್ಕ, ಹೂವಿಗೆ ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲ, ನಾನೇ ಬಂದು ಹಾಕಿಕೊಡುತ್ತೇನೆ ಎಂದ. ಅವನ ದನಿಯಲ್ಲಿ ಬೇಡಿಕೊಳ್ಳುವವನ ಆತುರವಿತ್ತು.

ಗುರುಬಸಮ್ಮ ಆ ಹುಳವನ್ನು ಬೆರಳಿಗೆ ಹತ್ತಿಸಿಕೊಂಡು, ನೋಡಿ, ಮತ್ತೆ ಎಲೆಯ ಮೇಲೆ ಬಿಟ್ಟಳು.

"ಬ್ಯಾಡಿ ಸಾ, ಇರ್ಲಿ ಬುಡಿ. ನಾ ಬೆಳ್ದುದ್ನ ಅವಾದ್ರೂ ತಿಂತವಲ್ಲ."